ಮಂಗಳೂರಿಗೆ ಬಂದ ಪತ್ರಗಳು ಕೈರೋದಲ್ಲಿ ಉಳಿದದ್ದು ಹೇಗೆ?

ಪ್ರಶ್ನೆ: 900 ವರ್ಷಗಳ ಹಿಂದೆ ಮಂಗಳೂರಿನಲ್ಲಿದ್ದ ಯಹೂದಿ ವ್ಯಾಪಾರಿಯೊಬ್ಬನ ಪತ್ರಗಳು ಕೈರೋದ ಪ್ರಾರ್ಥನಾ ಮಂದಿರದಲ್ಲಿ ಸಿಕ್ಕಿವೆ ಎಂದು ಓದಿದೆ. ವ್ಯಾಪಾರದ ಕಾಗದಗಳನ್ನು ದೇವರ ಮನೆಯಲ್ಲಿ ಯಾಕೆ ಇಟ್ಟರು? ಮಂಗಳೂರಿನ ಪತ್ರ ಈಜಿಪ್ಟಿಗೆ ಹೋದದ್ದು ಹೇಗೆ? ಅವುಗಳಲ್ಲಿ ಇರುವುದಾದರೂ ಏನು? ನಮ್ಮಂಥ ಸಾಮಾನ್ಯ ಓದುಗರು ಅವನ್ನು ನೋಡಬಹುದಾ?

ಉತ್ತರ: ಮೊದಲ ಪ್ರಶ್ನೆಯಿಂದಲೇ ಶುರು ಮಾಡೋಣ. ಉಳಿದದ್ದೆಲ್ಲ ಅದರ ಮೇಲೆಯೇ ನಿಂತಿದೆ.

ಯಹೂದಿ ಧರ್ಮದಲ್ಲಿ ಬರೆದ ದೇವರ ಹೆಸರನ್ನು ಅಳಿಸುವಂತಿಲ್ಲ. ಬೈಬಲ್ಲಿನ ಧರ್ಮೋಪದೇಶಕಾಂಡದ 12ನೇ ಅಧ್ಯಾಯದಲ್ಲಿ ಒಂದು ಮಾತು ಬರುತ್ತದೆ. ಅನ್ಯದೇವತೆಗಳ ಹೆಸರನ್ನು ಅಳಿಸಿಹಾಕಿ, ನಿಮ್ಮ ದೇವರಿಗೆ ಮಾತ್ರ ಹಾಗೆ ಮಾಡಬೇಡಿ ಎಂದು. ಈ ಮಾತನ್ನು ಹಿಡಿದು ರಬ್ಬಿಗಳು, ಅಂದರೆ ಯಹೂದಿ ಧರ್ಮಪಂಡಿತರು, ನಿಯಮ ಮಾಡಿದರು. ಅವರ ಪವಿತ್ರ ಗ್ರಂಥವಾದ ಟೋರಾದ ಸುರುಳಿ ಸವೆದು ಓದಲು ಬಾರದಂತಾದರೂ ಅದನ್ನು ಸುಡುವ ಹಾಗಿಲ್ಲ, ಕಸಕ್ಕೆ ಹಾಕುವ ಹಾಗಿಲ್ಲ. ಮಣ್ಣಿನ ಪಾತ್ರೆಯಲ್ಲಿಟ್ಟು, ಓದಿಕೊಂಡ ಪಂಡಿತರೊಬ್ಬರ ಸಮಾಧಿಯ ಪಕ್ಕ ಹೂಳಬೇಕು ಎನ್ನುತ್ತದೆ ಅವರ ಧರ್ಮಶಾಸ್ತ್ರ ಗ್ರಂಥ ತಾಲ್ಮುಡ್. ಮನುಷ್ಯನಿಗೆ ಕೊಡುವ ಮರ್ಯಾದೆಯನ್ನೇ ಸವೆದ ಪುಸ್ತಕಕ್ಕೂ ಕೊಡುತ್ತಾರೆ. ಹೂಳುವ ದಿನ ಬರುವವರೆಗೆ ಇಂಥ ಹಾಳೆಗಳನ್ನು ಸಿನಗಾಗ್‌ನ, ಅಂದರೆ ಯಹೂದಿ ಪ್ರಾರ್ಥನಾ ಮಂದಿರದ, ಒಂದು ಮೂಲೆಯಲ್ಲಿ ಕೂಡಿಡುತ್ತಾರೆ. ಆ ಜಾಗಕ್ಕೆ ಗೆನಿಜಾ ಎಂದು ಹೆಸರು. ಇವತ್ತಿಗೂ ಈ ಪದ್ಧತಿ ಇದೆ.

ಹಳೆ ಕೈರೋದ ಫುಸ್ತಾತ್ ಎಂಬಲ್ಲಿ ಬೆನ್ ಎಜ್ರಾ ಸಿನಗಾಗ್ ಇದೆ. 11ನೇ ಶತಮಾನದ ಮೊದಲ ಭಾಗದಲ್ಲಿ ಅದನ್ನು ಹೊಸದಾಗಿ ಕಟ್ಟಿದ್ದರು. ಹೆಂಗಸರು ಕೂರುವ ಮೇಲಂತಸ್ತಿನ ಕೊನೆಯಲ್ಲಿ ಒಂದು ಕೋಣೆ. ಅದಕ್ಕೆ ಬಾಗಿಲಿಲ್ಲ. ಗೋಡೆಯ ಮೇಲ್ಗಡೆ ಒಂದು ಕಿಂಡಿ ಮಾತ್ರ. ಏಣಿ ಹತ್ತಿ ಆ ಕಿಂಡಿಯಿಂದ ಕಾಗದಗಳನ್ನು ಒಳಗೆ ಬಿಡುತ್ತಿದ್ದರು. ಬೇರೆ ಊರುಗಳಲ್ಲಿ ಗೆನಿಜಾ ತುಂಬಿದಾಗ ತೆಗೆದು ಹೂಳುತ್ತಾರೆ. ಇಲ್ಲಿ ಹಾಗಾಗಲಿಲ್ಲ. ಸುಮಾರು 9 ಶತಮಾನಗಳ ಕಾಗದ ಒಂದರ ಮೇಲೊಂದು ಬೀಳುತ್ತಾ ಹೋಯಿತು. ಈಜಿಪ್ಟಿನ ಒಣ ಹವೆ ಅದನ್ನು ಕಾಪಾಡಿತು. ನಮ್ಮ ಕರಾವಳಿಯ ಮಳೆಗೆ ಸಿಕ್ಕಿದ್ದರೆ ಒಂದು ಹಾಳೆಯೂ ನಮಗೆ ಉಳಿಯುತ್ತಿರಲಿಲ್ಲ.

ಸರಿ, ಧರ್ಮಗ್ರಂಥದ ಹಾಳೆ ಅಲ್ಲಿಗೆ ಹೋಯಿತು. ಮೆಣಸಿನ ಲೆಕ್ಕ ಯಾಕೆ ಹೋಯಿತು? ಅದಕ್ಕೆ ಒಂದು ಸರಳ ಕಾರಣ ಇದೆ. ಆ ಕಾಲದ ಯಹೂದಿಗಳು ಸಾಮಾನ್ಯ ಪತ್ರವನ್ನೂ ದೇವರ ಹೆಸರಿನಿಂದಲೇ ಶುರು ಮಾಡುತ್ತಿದ್ದರು. 'ಕರುಣಾಮಯಿಯೇ, ನಿನ್ನ ಹೆಸರಿನಲ್ಲಿ' ಎಂದು ಮೊದಲ ಸಾಲು. ನಡುವೆ ಹತ್ತು ಕಡೆ 'ದೇವರು ನಿಮ್ಮನ್ನು ಕಾಪಾಡಲಿ' ಎಂಬ ಹಾರೈಕೆ. ಅಂಥ ಕಾಗದವನ್ನು ಬೀದಿಗೆ ಎಸೆಯಲು ಯಾರಿಗೂ ಕೈ ಬರಲಿಲ್ಲ. ಇನ್ನೊಂದು ಕಾರಣ ಲಿಪಿ. ಅವರು ಮಾತಾಡುತ್ತಿದ್ದುದು ಅರಬ್ಬಿ, ಬರೆಯುತ್ತಿದ್ದುದು ಹೀಬ್ರೂ ಅಕ್ಷರದಲ್ಲಿ. ಮಂಗಳೂರಿನವರಿಗೆ ಇದು ತಟ್ಟನೆ ಅರ್ಥವಾಗುತ್ತದೆ, ಕನ್ನಡ ಲಿಪಿಯಲ್ಲಿ ಕೊಂಕಣಿ ಬರೆದ ಹಾಗೆ. ಟೋರಾ ಬರೆದ ಅಕ್ಷರವೇ ಅಲ್ವಾ ಎಂಬ ಗೌರವದಿಂದ, ಹೀಬ್ರೂ ಅಕ್ಷರ ಇದ್ದದ್ದನ್ನೆಲ್ಲ ಅಲ್ಲಿಗೆ ಹಾಕಿದರು. ಆಮೇಲೆ ಅದು ಅಭ್ಯಾಸವೇ ಆಗಿಹೋಯಿತು. ಅರಬ್ಬಿ ಲಿಪಿಯ ಸರ್ಕಾರಿ ಆಜ್ಞೆಗಳ ತುಂಡುಗಳೂ ಅದರಲ್ಲಿ ಸಿಕ್ಕಿವೆ.

ಈ ಕೋಣೆಯ ದೊಡ್ಡ ಬೆಲೆ ಇರುವುದು ಇಲ್ಲೇ. ಅರಮನೆ, ಮಠ, ದೇವಸ್ಥಾನಗಳು ಕಾಗದ ಇಟ್ಟುಕೊಳ್ಳುವಾಗ ಆರಿಸಿ ಇಟ್ಟುಕೊಳ್ಳುತ್ತವೆ. ಫುಸ್ತಾತಿನಲ್ಲಿ ಯಾರೂ ಆರಿಸಲಿಲ್ಲ. ಮದುವೆಯ ಕರಾರು, ಸಾಲದ ಚೀಟಿ, ಮಕ್ಕಳು ಅಕ್ಷರ ತಿದ್ದಿದ ಹಾಳೆ, ಗಂಡನ ಮೇಲೆ ಹೆಂಡತಿಯ ದೂರು, ಔಷಧಿ ಚೀಟಿ, ಎಲ್ಲವೂ ಒಟ್ಟಿಗೆ ಉಳಿದವು.

ಇದು ಹೊರಜಗತ್ತಿಗೆ ಗೊತ್ತಾದ ಕತೆಯನ್ನು ಚಿಕ್ಕದಾಗಿ ಹೇಳುತ್ತೇನೆ. ಸ್ಕಾಟ್ಲೆಂಡಿನ ಅವಳಿ ಸೋದರಿಯರು, ಆಗ್ನೆಸ್ ಲೂಯಿಸ್ ಮತ್ತು ಮಾರ್ಗರೆಟ್ ಗಿಬ್ಸನ್, ಪೂರ್ವದ ಪ್ರವಾಸದಲ್ಲಿ ಕೆಲವು ಹಳೆ ಹಾಳೆಗಳನ್ನು ಕೊಂಡು ತಂದರು. 1896ರ ಮೇ ತಿಂಗಳಲ್ಲಿ ಅವನ್ನು ಕೇಂಬ್ರಿಜ್‌ನಲ್ಲಿದ್ದ ಸಾಲೊಮನ್ ಶೆಕ್ಟರ್ ಎಂಬ ವಿದ್ವಾಂಸರಿಗೆ ತೋರಿಸಿದರು. ಅವುಗಳಲ್ಲಿ ಒಂದು ಹಾಳೆ ಬೆನ್ ಸಿರಾ ಎಂಬ ಪ್ರಾಚೀನ ಕೃತಿಯ ಹೀಬ್ರೂ ಪಾಠವಾಗಿತ್ತು. ಅದು ಕಳೆದೇಹೋಗಿದೆ, ಗ್ರೀಕ್ ಮುಂತಾದ ಭಾಷೆಗಳ ಅನುವಾದ ಮಾತ್ರ ಉಳಿದಿದೆ ಎಂದು ಶತಮಾನಗಳಿಂದ ಎಲ್ಲರೂ ನಂಬಿದ್ದರು. ಅದೇ ವರ್ಷದ ಕೊನೆಗೆ ಶೆಕ್ಟರ್ ಕೈರೋಗೆ ಹೊರಟರು. ಸೇಂಟ್ ಜಾನ್ಸ್ ಕಾಲೇಜಿನ ಮುಖ್ಯಸ್ಥ ಚಾರ್ಲ್ಸ್ ಟೇಲರ್ ಹಣ ಕೊಟ್ಟರು. ಧೂಳು ಕುಡಿಯುತ್ತಾ ವಾರಗಟ್ಟಲೆ ಆ ಕೋಣೆಯಲ್ಲಿ ಕೆಲಸ ಮಾಡಿ, 1,90,000ಕ್ಕೂ ಹೆಚ್ಚು ತುಣುಕುಗಳನ್ನು ಕೇಂಬ್ರಿಜ್‌ಗೆ ಸಾಗಿಸಿದರು.

ಆದರೆ ಅಂದಿನ ವಿದ್ವಾಂಸರ ಕಣ್ಣೆಲ್ಲ ಧರ್ಮಗ್ರಂಥ, ಕಾವ್ಯ, ತತ್ವಶಾಸ್ತ್ರಗಳ ಮೇಲಿತ್ತು. ಲೆಕ್ಕದ ಚೀಟಿಗಳು ಯಾರಿಗೂ ಬೇಕಿರಲಿಲ್ಲ. ರಾಶಿರಾಶಿ ತುಣುಕುಗಳು ಗ್ರಂಥಾಲಯದ ಪೆಟ್ಟಿಗೆಗಳಲ್ಲೇ ಬಿದ್ದಿದ್ದವು. 1950ರ ದಶಕದಲ್ಲಿ ಅವನ್ನು ಕೈಗೆತ್ತಿಕೊಂಡು ಓದಿದವರು ಇತಿಹಾಸಕಾರ ಎಸ್.ಡಿ. ಗೊಯ್ಟೈನ್. ಭಾರತದ ವ್ಯಾಪಾರದ ಪತ್ರಗಳನ್ನು ಒಟ್ಟುಗೂಡಿಸಲು ಶುರು ಮಾಡಿದವರೂ ಅವರೇ. 1985ರಲ್ಲಿ ಅವರು ತೀರಿಕೊಂಡ ಮೇಲೆ ಮೊರ್ದೆಖಾಯ್ ಫ್ರೀಡ್ಮನ್ ಆ ಕೆಲಸ ಮುಂದುವರಿಸಿದರು. ಮಂಗಳೂರಿನ ಬಗ್ಗೆ ನೀವು ಓದಿದ್ದರ ಬಹುಪಾಲು ಈ ಇಬ್ಬರ ದುಡಿಮೆಯಿಂದ ಬಂದದ್ದು.

ಈಗ ನಿಮ್ಮ ವ್ಯಾಪಾರಿಯ ವಿಷಯಕ್ಕೆ ಬರುತ್ತೇನೆ. ಅವನ ಹೆಸರು ಅಬ್ರಹಾಂ ಬೆನ್ ಯಿಜು. ಊರು ಇಂದಿನ ಟ್ಯುನೀಷಿಯಾದ ಮಹ್ದಿಯಾ. ಅಲ್ಲಿಂದ ಯೆಮೆನ್‌ನ ಏಡನ್ ಬಂದರಿಗೆ ಬಂದ. ಅಲ್ಲಿ ಮದ್ಮೂನ್ ಎಂಬ ದೊಡ್ಡ ವ್ಯಾಪಾರಿಯ ನೆರಳು ಸಿಕ್ಕಿತು. ಮದ್ಮೂನ್ ಏಡನ್‌ನಲ್ಲಿ ವ್ಯಾಪಾರಿಗಳೆಲ್ಲರ ಪ್ರತಿನಿಧಿ, ಯೆಮೆನ್‌ನ ಯಹೂದಿಗಳ ಮುಖಂಡ. ಬೆನ್ ಯಿಜು 1132ರ ಹೊತ್ತಿಗೆ ಮಂಗಳೂರಿನಲ್ಲಿದ್ದ. ಸುಮಾರು 17 ವರ್ಷ ಹೆಚ್ಚಾಗಿ ಈ ಕರಾವಳಿಯಲ್ಲೇ ಕಳೆದ. ತುಳುನಾಡಿನಲ್ಲಿ ಆಗ ಆಳುಪರ ಆಳ್ವಿಕೆ. ಘಟ್ಟದ ಮೇಲೆ, ಕಲ್ಯಾಣದಲ್ಲಿ, ವಚನಗಳ ಕಾಲ ಇನ್ನೇನು ಬರಲಿತ್ತು. ಕೊಚ್ಚಿಯ ಯಹೂದಿ ಸಮುದಾಯಕ್ಕೂ ಇವನಿಗೂ ನಂಟು ಹಾಕಬೇಡಿ. ಅವರು ಅಲ್ಲೇ ನೆಲೆ ನಿಂತವರು. ಇವನು ದುಡಿಯಲು ಬಂದು ವಾಪಸ್ ಹೋದವನು.

ಅವನ ಬಗ್ಗೆ ಇರುವ ಮೊದಲ ಗಟ್ಟಿ ದಾಖಲೆ 1132ರ ಅಕ್ಟೋಬರ್ 17ರ ಒಂದು ಬಿಡುಗಡೆ ಪತ್ರ. ಆಶು ಎಂಬ ಹೆಣ್ಣಾಳನ್ನು ಬೆನ್ ಯಿಜು ದಾಸ್ಯದಿಂದ ಬಿಡುಗಡೆ ಮಾಡಿದ ಪತ್ರ ಅದು. ಈಗ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದೆ. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಬರೆದ ಜಾಗ ಮಂಗಳೂರು, 'ಮಹಾಸಮುದ್ರದ ದಡದ ರಾಜನಗರ' ಎಂದು ಅದರಲ್ಲಿದೆ. ಭಾಷೆ ಯಹೂದಿ ನ್ಯಾಯಾಲಯಗಳ ಅರಾಮಿಕ್. ವರ್ಷವನ್ನು ಎಣಿಸಿದ್ದು ಗ್ರೀಕ್ ರಾಜರು ಶುರು ಮಾಡಿದ ಸೆಲ್ಯುಸಿಡ್ ಶಕೆಯಲ್ಲಿ. ಯಾರ ಅಧಿಕಾರದಡಿ ಬರೆದದ್ದು ಎಂದರೆ, ಬಾಗ್ದಾದಿನಲ್ಲಿದ್ದ ಯಹೂದಿಗಳ ಮುಖಂಡ ದಾನಿಯೇಲನ ಅಧಿಕಾರದಡಿ. ನೇತ್ರಾವತಿಯ ಕಡೆಯ ಒಬ್ಬ ಹೆಣ್ಣುಮಗಳ ಬದುಕನ್ನು ಬಾಗ್ದಾದಿನ ಹೆಸರಿನಲ್ಲಿ, ಅರಾಮಿಕ್ ಭಾಷೆಯಲ್ಲಿ ತೀರ್ಮಾನ ಮಾಡಿದ್ದರು. ಯಹೂದಿ ಕಾನೂನು ನಿಜವಾಗಿ ಹೇಗೆ ಕೆಲಸ ಮಾಡುತ್ತಿತ್ತು ಎಂಬುದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಕಂಡಿಲ್ಲ. ಅದರ ಹಿಂದೆ ರಾಜನಿಲ್ಲ, ಸೈನ್ಯವಿಲ್ಲ. ಕಾನೂನು ಬಲ್ಲ ಒಬ್ಬ ಮನುಷ್ಯ ಎಲ್ಲಿ ಕೂತು ಸರಿಯಾದ ಮಾತುಗಳಲ್ಲಿ ಬರೆಯುತ್ತಾನೋ ಅಲ್ಲಿಗೆ ಅದು ಬರುತ್ತಿತ್ತು.

ಬಿಡುಗಡೆಯ ಜೊತೆಗೆ ಆಶುವಿಗೆ ಬೆರಾಖಾ ಎಂಬ ಹೀಬ್ರೂ ಹೆಸರು ಬಂತು. ಅವಳನ್ನೇ ಬೆನ್ ಯಿಜು ಮದುವೆಯಾದ ಎಂದು ವಿದ್ವಾಂಸರು ಹೇಳುತ್ತಾರೆ. ಮಕ್ಕಳೂ ಆದವು. ದಾಸಿಯಾಗಿದ್ದವಳಿಗೆ ಹುಟ್ಟಿದ ಮಕ್ಕಳ ಸ್ಥಾನವನ್ನು ಕಾನೂನಿನಲ್ಲಿ ಭದ್ರ ಮಾಡುವ ಚಿಂತೆ ಅವನಿಗೆ ಇದ್ದೇ ಇತ್ತು. ಇಂಥದೇ ಧರ್ಮಸೂಕ್ಷ್ಮಗಳ ಬಗ್ಗೆ ಅವನೇ ಬರೆದ ಕರಡುಗಳು ಉಳಿದಿವೆ. ಆಶುವಿನ ಬಾಯಿಂದ ಬಂದ ಮಾತು ಮಾತ್ರ ಒಂದೂ ಇಲ್ಲ. ಇಷ್ಟು ಪತ್ರಗಳಿದ್ದರೂ ಅವಳ ಬಗ್ಗೆ ಗೊತ್ತಿರುವುದೆಲ್ಲ ಗಂಡಸರು ಬರೆದದ್ದು. ಈ ಕತೆಯನ್ನು ಕಡಲಾಚೆಯ ಪ್ರೇಮಕತೆ ಎಂದು ಹೇಳುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಅವಳು ಕೊಂಡು ತಂದವಳು ಎಂಬುದನ್ನು ಮರೆಯಬಾರದು.

'ಮಂಗಳೂರಿನ ಪತ್ರಗಳು' ಎಂದು ನಾವು ಹೇಳುವುದರಲ್ಲಿ ಒಂದು ತಿದ್ದುಪಡಿ ಬೇಕು. ಹೆಚ್ಚಿನವು ಮಂಗಳೂರಿನಿಂದ ಹೋದವಲ್ಲ, ಮಂಗಳೂರಿಗೆ ಬಂದವು. ಮದ್ಮೂನ್ ಮತ್ತಿತರ ಗೆಳೆಯರು ಏಡನ್‌ನಿಂದ ಬರೆದವು. ಬೆನ್ ಯಿಜು ಊರು ಬಿಡುವಾಗ ಅವನ್ನು ಗಂಟು ಕಟ್ಟಿ ಜೊತೆಗೆ ಒಯ್ದ. ಮೊದಲು ಏಡನ್‌ಗೆ, ಆಮೇಲೆ ಫುಸ್ತಾತಿಗೆ. ಅಲ್ಲಿಂದ ಅವು ಆ ಕಿಂಡಿಯೊಳಗೆ ಹೋದವು. ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಇಷ್ಟೇ.

ಅವನು ಅವನ್ನು ಅಷ್ಟು ಜೋಪಾನ ಮಾಡಿದ್ದು ಯಾಕೆ? ಲೆಕ್ಕ ಬೇಕಾಗುತ್ತದೆ ಎಂಬುದು ಒಂದು. ಕಾಗದಕ್ಕೆ ಬರ ಎಂಬುದು ಇನ್ನೊಂದು. ಈ ಕಡೆ ಆಗ ಬರೆಯುತ್ತಿದ್ದುದು ತಾಳೆಗರಿಯ ಮೇಲೆ. ಏಡನ್‌ನ ಗೆಳೆಯರು ಸಕ್ಕರೆ, ಬಾದಾಮಿ, ಒಣದ್ರಾಕ್ಷಿಯ ಜೊತೆಗೆ ಕಾಗದವನ್ನೂ ಉಡುಗೊರೆಯಾಗಿ ಕಳಿಸುತ್ತಿದ್ದರು. ಬಂದ ಪತ್ರದ ಹಿಂದೆ, ಅಂಚಿನಲ್ಲಿ, ಸಾಲುಗಳ ನಡುವೆ, ಎಲ್ಲಿ ಬಿಳಿ ಜಾಗ ಕಂಡರೆ ಅಲ್ಲಿ ಬೆನ್ ಯಿಜು ಬರೆಯುತ್ತಿದ್ದ. ಒಂದು ಕಡೆ ಮೆಣಸಿನ ದರ. ತಿರುಗಿಸಿದರೆ ಕಂಚುಗಾರರಿಗೆ ಕೊಟ್ಟ ಲೋಹದ ತೂಕ. ಇನ್ನೊಂದರ ಹಿಂದೆ ಅವನೇ ಕಟ್ಟಿದ ಹೀಬ್ರೂ ಪದ್ಯ. ಮತ್ತೊಂದರಲ್ಲಿ ಧರ್ಮಶಾಸ್ತ್ರದ ಪ್ರಶ್ನೆಗೆ ಬರೆದ ಉತ್ತರ.

ಈ ಹಾಳೆಗಳಲ್ಲಿ ನನಗೆ ಬಹಳ ಮುಖ್ಯ ಅನ್ನಿಸುವುದು ಇದೇ. ಯಹೂದಿ ಸಾಹಿತ್ಯ ಒಂದು ಕಡೆ, ಯಹೂದಿ ವ್ಯಾಪಾರ ಇನ್ನೊಂದು ಕಡೆ ಎಂದು ನಾವು ಬೇರೆ ಬೇರೆ ಕಪಾಟಿನಲ್ಲಿ ಇಡುತ್ತೇವೆ. ಬದುಕಿದ್ದವರಿಗೆ ಹಾಗೇನೂ ಇರಲಿಲ್ಲ. ಪದ್ಯ ಬರೆದ ಕೈಯೇ ಅಡಿಕೆಯ ಲೆಕ್ಕ ಬರೆಯಿತು. ಓದು ಬರಹ ಪುರೋಹಿತರ ಸ್ವತ್ತಾಗಿರಲಿಲ್ಲ. ಟೋರಾ ಓದಲೆಂದು ಹುಡುಗರಿಗೆ ಅಕ್ಷರ ಕಲಿಸುತ್ತಿದ್ದರು. ಅದೇ ಅಕ್ಷರ ಅವರನ್ನು ಫುಸ್ತಾತಿನಿಂದ ಮಂಗಳೂರಿನವರೆಗೆ ವ್ಯಾಪಾರಿಗಳನ್ನಾಗಿಯೂ ಮಾಡಿತು. ಮುಖ ನೋಡದವರ ಜೊತೆ ಪತ್ರದಲ್ಲೇ ನಂಬಿಕೆ ಕಟ್ಟಲು ಅದು ನೆರವಾಯಿತು.

ನಂಬಿಕೆ ಇಲ್ಲದೆ ಆ ವ್ಯಾಪಾರ ಒಂದು ದಿನವೂ ನಡೆಯುತ್ತಿರಲಿಲ್ಲ. ಗಾಳಿ ಬೀಸುವ ದಿಕ್ಕು ನೋಡಿಕೊಂಡು ಹಡಗು ಹೊರಡಬೇಕು. ಈ ವರ್ಷ ಬರೆದ ಪತ್ರಕ್ಕೆ ಉತ್ತರ ಮುಂದಿನ ವರ್ಷ. ಇಲ್ಲಿಂದ ಮೆಣಸು, ಶುಂಠಿ, ಏಲಕ್ಕಿ, ಅಡಿಕೆ, ಕಬ್ಬಿಣ ಹೋಗುತ್ತಿದ್ದವು. ಅಲ್ಲಿಂದ ತಾಮ್ರ, ಸೀಸ, ಬಂಗಾರದ ನಾಣ್ಯ, ರೇಷ್ಮೆ ಬರುತ್ತಿದ್ದವು. ಬೆನ್ ಯಿಜು ಕಂಚಿನ ಪಾತ್ರೆ ಮಾಡಿಸುವ ಕೆಲಸವನ್ನೂ ನಡೆಸುತ್ತಿದ್ದ. ಏಡನ್‌ನವರು ಹಳೆ ತಾಮ್ರ, ಒಡೆದ ಪಾತ್ರೆ ಕಳಿಸಿ ಹೊಸದು ಮಾಡಿಸಿಕೊಳ್ಳುತ್ತಿದ್ದರು. ಅಂಥ ಒಂದು ಪತ್ರದಲ್ಲಿ ಒಬ್ಬರು ದೀಪ ಬೇಕೆಂದು ಕೇಳುತ್ತಾರೆ. ಅದರ ವಿವರ ನೋಡಿ. ಕಂಬ ಎಂಟು ಮೂಲೆಯದಾಗಿ ದಪ್ಪಗಿರಬೇಕು. ಪೀಠಕ್ಕೆ ಗಟ್ಟಿ ಕಾಲುಗಳಿರಬೇಕು. ತುದಿಯಲ್ಲಿ ಎರಡು ಬತ್ತಿಯ ತಾಮ್ರದ ಹಣತೆ, ಅದು ಮೇಲೆ ಕೆಳಗೆ ಸರಿಯುವಂತಿರಬೇಕು. ಕಂಬ, ಪೀಠ, ಹಣತೆ ಮೂರೂ ಬಿಡಿಬಿಡಿಯಾಗಿ ಬರಬೇಕು. ಕಾಲುಗಳನ್ನು ಸುರುಳಿಯಾಗಿ ಮಾಡಲು ಆದರೆ ಮಾಡಲಿ, ಅದು ಇನ್ನೂ ಚೆಂದ. ಇದನ್ನು ಓದುವಾಗ ಕರಾವಳಿಯ ಆ ಕಂಚುಗಾರರು ನನ್ನ ಕಣ್ಣಿಗೆ ಕಟ್ಟುತ್ತಾರೆ. ಅರಬ್ಬಿಯಲ್ಲಿ ಬಂದ ಈ ಆಸೆಯನ್ನು ಬೆನ್ ಯಿಜು ಅವರಿಗೆ ಯಾವುದೋ ಭಾಷೆಯಲ್ಲಿ ವಿವರಿಸಿದ್ದಾನೆ, ಅವರು ಅಚ್ಚು ಮಾಡಿ ಎರಕ ಹೊಯ್ದಿದ್ದಾರೆ.

ಎಲ್ಲ ಪತ್ರಗಳೂ ಹೀಗೆ ಸಿಹಿಯಾಗಿಲ್ಲ. ಏಲಕ್ಕಿ ಕೊಡುತ್ತೇನೆಂದು ಮುಂಗಡ ತೆಗೆದುಕೊಂಡ ಸ್ಥಳೀಯನೊಬ್ಬ ಮಾಲು ಕೊಡಲೇ ಇಲ್ಲ. ಆ ತಗಾದೆ ಹಲವು ಪತ್ರಗಳಲ್ಲಿ ಎಳೆದಾಡಿದೆ. ಇನ್ನೊಂದು ಪತ್ರದಲ್ಲಿ ಮದ್ಮೂನ್, ಇಲ್ಲಿನ ಕೆಲವು ವರ್ತಕರ ಹೆಸರು ಹೇಳಿ, ಅವರೊಂದಿಗೆ ಪಾಲುದಾರಿಕೆಯಲ್ಲಿ ಮಂಗಳೂರಿನಿಂದ ಹಡಗು ಕಳಿಸುವ ಮಾತೆತ್ತುತ್ತಾನೆ. ಅದರಲ್ಲಿ ಬರುವ 'ಸೂಸ್ ಸೀತಿ' ಒಬ್ಬ ಸೆಟ್ಟಿ ಇರಬೇಕು ಎಂದು ವಿದ್ವಾಂಸರು ಊಹಿಸಿದ್ದಾರೆ. ಯಹೂದಿ, ಮುಸಲ್ಮಾನ, ಹಿಂದೂ ಎಂದು ನೋಡದೆ ದುಡ್ಡು ಹೂಡುತ್ತಿದ್ದರು. ಹಡಗು ಮುಳುಗಿದರೆ ನಷ್ಟವೂ ಎಲ್ಲರದು.

ಬೊಮ್ಮನ ಬಗ್ಗೆ ಎರಡು ಮಾತು ಹೇಳಲೇಬೇಕು. ಅವನು ಬೆನ್ ಯಿಜುವಿನ ಆಳು. ಹೀಬ್ರೂ ಲಿಪಿಯಲ್ಲಿ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ, ಹಾಗಾಗಿ ಹೆಸರು ಬಹಳ ಕಾಲ ಬೇರೆ ಬೇರೆ ರೀತಿ ಓದಿಸಿಕೊಂಡಿತ್ತು. ಬೊಮ್ಮ ಎಂಬ ಓದು ಬಂದದ್ದು ತುಳುನಾಡಿನ ಹೆಸರುಗಳ ಜೊತೆ ಹೋಲಿಸಿ ನೋಡಿದ ಮೇಲೆ. ಯಜಮಾನನ ಮಾಲಿನ ಜೊತೆ ಅವನು ಏಡನ್‌ಗೆ ಹೋಗಿ ವ್ಯವಹಾರ ನೋಡಿಕೊಂಡು ಬರುತ್ತಿದ್ದ. ಒಮ್ಮೆ ಅಲ್ಲಿ ಕುಡಿತಕ್ಕೆ ಬಿದ್ದು, ಮತ್ತೆ ಮತ್ತೆ ಹಣ ಕೇಳಿ ಮದ್ಮೂನನಿಗೆ ತಲೆನೋವಾದ. ಅದೂ ಪತ್ರದಲ್ಲಿದೆ. ವರ್ಷಗಳು ಕಳೆದ ಮೇಲಿನ ಪತ್ರಗಳಲ್ಲಿ ಏಡನ್‌ನ ವ್ಯಾಪಾರಿಗಳು ಅವನ ಹೆಸರಿಗೆ ಶೇಖ್ ಎಂದು ಸೇರಿಸಿ ನಮಸ್ಕಾರ ಹೇಳಿದ್ದಾರೆ. ಶಾಸನ ಹಾಕಿಸುವಂಥ ಮನುಷ್ಯನಲ್ಲ ಅವನು. ಆ ಕಾಲದ ಒಬ್ಬ ಆಳಿನ ಬದುಕು ಇಷ್ಟು ಹತ್ತಿರದಿಂದ ಕಾಣುವುದು ತೀರಾ ಅಪರೂಪ.

1148ರಲ್ಲಿ ಸಿಸಿಲಿಯ ದೊರೆ ರೋಜರ್ ಮಹ್ದಿಯಾವನ್ನು ಹಿಡಿದ. ಬೆನ್ ಯಿಜುವಿನ ಕುಟುಂಬ ದಿಕ್ಕಾಪಾಲಾಯಿತು. ಮರುವರ್ಷ ಅವನು ಮಕ್ಕಳೊಂದಿಗೆ ಏಡನ್‌ಗೆ ಮರಳಿದ. 1149ರ ಸೆಪ್ಟೆಂಬರ್‌ನಲ್ಲಿ ಸೋದರರಿಗೆ ಪತ್ರ ಬರೆದ. ಭಾರತದಿಂದ ಕ್ಷೇಮವಾಗಿ ಬಂದಿದ್ದೇನೆ, ನಾವೆಲ್ಲ ಬಾಳುವಷ್ಟು ಇದೆ, ಬನ್ನಿ ಎಂದು. ಬಂದ ಸೋದರನೊಬ್ಬ ಹಣ ವಂಚಿಸಿದ. ಮಗ ತೀರಿಕೊಂಡ. ಉಳಿದವಳು ಮಗಳು, ಸಿತ್ತ್ ಅಲ್-ದಾರ್. ಏಡನ್‌ನ ಗೆಳೆಯನೊಬ್ಬ ತನ್ನ ಮಗನಿಗೆ ಅವಳನ್ನು ಕೇಳಿದ. ಬೆನ್ ಯಿಜು ಒಪ್ಪಲಿಲ್ಲ. ತನ್ನ ಸೋದರನ ಮಗನಿಗೇ ಕೊಡಬೇಕೆಂದು ಹಟ ಹಿಡಿದು ಕಾದ. 1156ರಲ್ಲಿ ಫುಸ್ತಾತಿನಲ್ಲಿ ಆ ಮದುವೆ ಆಯಿತು. ವರದಕ್ಷಿಣೆಯ ಪಟ್ಟಿಯೂ ಗೆನಿಜಾದಲ್ಲೇ ಸಿಕ್ಕಿದೆ.

ಇದು ಬೆನ್ ಯಿಜು ಒಬ್ಬನ ಮನೆಯ ಕತೆ ಎಂದು ಅಂದುಕೊಳ್ಳಬೇಡಿ. ಯಹೂದಿ ಚಿಂತನೆಯಲ್ಲಿ ಬಹಳ ದೊಡ್ಡ ಹೆಸರು ಮೈಮೊನಿಡೀಸ್. ಫುಸ್ತಾತಿನಲ್ಲೇ ಬಾಳಿದವರು, ಅವರ ಕೈಬರಹದ ಕರಡುಗಳೂ ಗೆನಿಜಾದಲ್ಲಿ ಸಿಕ್ಕಿವೆ. ತಮ್ಮ ದಾವೀದ್ ವ್ಯಾಪಾರ ಮಾಡಿ ಮನೆ ನಡೆಸುತ್ತಿದ್ದ, ಅಣ್ಣ ಓದು ಬರಹದಲ್ಲಿ ಮುಳುಗಿದ್ದರು. ಕೆಂಪು ಸಮುದ್ರದ ಐದಾಬ್ ಬಂದರಿನಿಂದ ದಾವೀದ್ ಬರೆದ ಪತ್ರ ಉಳಿದಿದೆ. ಮರುಭೂಮಿ ದಾಟಿದ ಕಷ್ಟ ಹೇಳಿ, ಇಲ್ಲಿ ಕೊಳ್ಳುವಂಥದ್ದೇನೂ ಇಲ್ಲ, ಭಾರತಕ್ಕೇ ಹೋಗುತ್ತೇನೆ, ಚಿಂತೆ ಮಾಡಬೇಡ ಎಂದು ಅಣ್ಣನಿಗೆ ಬರೆದಿದ್ದಾನೆ. ಅವನು ಭಾರತದ ಕಡಲಿನಲ್ಲಿ ಮುಳುಗಿ ಸತ್ತ. ಮೈಮೊನಿಡೀಸ್ ಸುಮಾರು ಒಂದು ವರ್ಷ ಜ್ವರದಲ್ಲಿ ಹಾಸಿಗೆ ಹಿಡಿದರು. ಆಮೇಲೆ ಮನೆ ನಡೆಸಲು ವೈದ್ಯರಾಗಿ ದುಡಿದರು. ತಮ್ಮನ ಕೈಬರಹ ಕಂಡರೆ ಇವತ್ತಿಗೂ ಎದೆ ಕಲಕುತ್ತದೆ ಎಂದು ವರ್ಷಗಳ ನಂತರ ಗೆಳೆಯನೊಬ್ಬನಿಗೆ ಬರೆದರು. ಅವರ ತತ್ವಗ್ರಂಥ ಓದುವವರು ಈ ಒಂದು ಪತ್ರವನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಬೇಕು ಎಂಬುದು ನನ್ನ ಆಸೆ.

ಕೊನೆಯ ಪ್ರಶ್ನೆ, ನೋಡಬಹುದಾ ಎಂದು. ಖಂಡಿತ ನೋಡಬಹುದು, ದುಡ್ಡೂ ಕೊಡಬೇಕಿಲ್ಲ. ಕೇಂಬ್ರಿಜ್ ವಿಶ್ವವಿದ್ಯಾಲಯದ ಡಿಜಿಟಲ್ ಗ್ರಂಥಾಲಯದಲ್ಲಿ ಸಾವಿರಾರು ತುಣುಕುಗಳ ಚಿತ್ರಗಳಿವೆ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಗೆನಿಜಾ ಯೋಜನೆಯ ತಾಣದಲ್ಲಿ ವಿವರಣೆ, ಲಿಪ್ಯಂತರ, ಎಷ್ಟೋ ಕಡೆ ಇಂಗ್ಲಿಷ್ ಅನುವಾದವೂ ಸಿಗುತ್ತದೆ. ಬೆನ್ ಯಿಜು ಅಥವಾ ಮಂಗಳೂರು ಎಂದು ಇಂಗ್ಲಿಷ್‌ನಲ್ಲಿ ಹುಡುಕಿ. ಚಿತ್ರ ತೆರೆದಾಗ ಹಾಳೆಯ ಹಿಂಬದಿಯನ್ನೂ ತಪ್ಪದೆ ನೋಡಿ. ಸುಮ್ನೆ ಮುಂಬದಿ ಮಾತ್ರ ನೋಡಿ ಮುಂದೆ ಹೋದರೆ, ಬೆನ್ ಯಿಜು ತನ್ನ ಕೈಯಾರೆ ಬರೆದದ್ದೇ ಕಣ್ತಪ್ಪಿ ಹೋಗುತ್ತದೆ.